ಕಸರತ್ತು ಕಲಿಸಲಿಕ್ಕೆ ನಾನು ಮಾಡಿದ ಕಸರತ್ತು

ಮೈ ಬಗ್ಗಿಸುವುದನ್ನು ಕಲಿಸುವವನ ಬದುಕಿನಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ಆದರೆ ಒಂದು ತೊಂದರೆ ಉಂಟು. ನಡೆಯುವ ಹೊತ್ತಿಗೆ ಇದು ನಗುವ ಸಂಗತಿ ಎಂದು ಯಾರೂ ಬಂದು ಹೇಳುವುದಿಲ್ಲ. ಆಗ ಅಂಗೈ ಬೆವರುತ್ತದೆ, ನಾಲಿಗೆ ಒಣಗುತ್ತದೆ. ನಗು ಬರುವುದು ಮನೆಗೆ ಮುಟ್ಟಿ ಒಂದು ಚೊಂಬು ನೀರು ಕುಡಿದ ಮೇಲೆ. ಕೆಲವು ಸಲ ಮದುವೆಯಾಗಿ ಮಕ್ಕಳಾದ ಮೇಲೆ.

ಈಗ ಬಂಟ್ವಾಳದ ಕಡೆಯಲ್ಲಿ 'ಪರ್ಸನಲ್ ಟ್ರೈನರ್' ಎಂದರೆ ಶಾಲೆಯ ಮಕ್ಕಳಿಗೂ ಗೊತ್ತು. ಒಬ್ಬರನ್ನೇ ಎದುರು ನಿಲ್ಲಿಸಿಕೊಂಡು, ಅವರ ಮೈಗೆ ಎಷ್ಟು ಹಿಡಿಸುತ್ತದೋ ಅಷ್ಟೇ ಕಸರತ್ತು ಮಾಡಿಸುವ ಕೆಲಸ. ನಾನು ಅದಕ್ಕೆ ಇಳಿದ ಕಾಲದಲ್ಲಿ ಗಲ್ಫಿನಿಂದ ಬಂದವರ ಬಾಯಲ್ಲಿ ಮಾತ್ರ ಆ ಹೆಸರು ಕೇಳುತ್ತಿತ್ತು. ಅದಕ್ಕೆ ಯಾವ ಕೋರ್ಸು ಮಾಡಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಲಿಕ್ಕೆ ಹೋಗಿ ನನಗಾದದ್ದನ್ನು ಹೇಳುತ್ತೇನೆ.

ಕ್ವಾಲಿಫಿಕೇಶನ್

ಬಿ.ಸಿ. ರೋಡಿನಲ್ಲಿ ಒಂದು ಟಯರ್ ಅಂಗಡಿಯ ಮಹಡಿಯಲ್ಲಿ ನಮ್ಮ ಜಿಮ್ ಇತ್ತು. ಮಾಲೀಕರು ಗಲ್ಫಿನ ಒಂದು ದೊಡ್ಡ ಹೋಟೆಲಿನ ಜಿಮ್ಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಊರಿಗೆ ಬಂದ ಬ್ಯಾರಿ ಮುಸ್ಲಿಮರೊಬ್ಬರು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ನಾನು ವಾಮದಪದವಿನವನು. ಅಪ್ಪನ ಹೋಟೆಲಿನಲ್ಲಿ ತಟ್ಟೆ ಇಡುವುದು ಬಿಟ್ಟು ಕಾಕನ ಜಿಮ್ಮಿನಲ್ಲಿ ತೂಕ ಎತ್ತಲಿಕ್ಕೆ ಬಂದವನು, ಬರುಬರುತ್ತಾ ಬೇರೆಯವರಿಗೆ ಎತ್ತಿಸುವವನಾದೆ.

ಒಂದು ಬೆಳಿಗ್ಗೆ ಪೇಟೆಯ ಹಿರಿಯ ಡಾಕ್ಟ್ರೊಬ್ಬರು ಬಂದರು. ಅವರಿಗೆ ಬೆನ್ನುನೋವು. ಗುಂಪಿನಲ್ಲಿ ಬೇಡ, ತನಗೊಬ್ಬನಿಗೇ ಹೇಳಿಕೊಡುವವರು ಬೇಕು ಎಂದರು. ಕಾಕ ಖುಷಿಯಿಂದ ನನ್ನನ್ನು ಮುಂದೆ ದೂಡಿದರು. ಅಂಥ ದೊಡ್ಡ ಮನುಷ್ಯರು ನಮ್ಮ ಜಿಮ್ಮಿಗೆ ಬಂದದ್ದು ಅದೇ ಮೊದಲು.

ಡಾಕ್ಟ್ರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು. "ನಿನ್ನ ಕ್ವಾಲಿಫಿಕೇಶನ್ ಎಷ್ಟು?"

ನಮ್ಮ ಜಿಮ್ಮಿನಲ್ಲಿ ಒಬ್ಬರು ಇನ್ನೊಬ್ಬರನ್ನು 'ಎಷ್ಟು' ಎಂದು ಕೇಳುವುದು ಒಂದೇ ವಿಷಯಕ್ಕೆ. ನಾನು ಅಂಗಿಯ ಕೈ ಮೇಲೆತ್ತಿ ತೋಳು ಮಡಚಿದೆ.

"ಹದಿನಾರು ಇಂಚು ಡಾಕ್ಟ್ರೇ."

ಡಾಕ್ಟ್ರು ಕೈಯಲ್ಲಿದ್ದ ಡಂಬೆಲನ್ನು ನಾಡಬಾಂಬಿನ ಹಾಗೆ ಮೆಲ್ಲನೆ ನೆಲಕ್ಕಿಟ್ಟರು. ಹೋಗುವಾಗ ಕಾಕನ ಹತ್ತಿರ ಎಂತದೋ ಹೇಳಿ ಹೋದರು. ಮರುದಿನ ಬರಲಿಲ್ಲ.

ಕಾಕ ನನ್ನನ್ನು ಕೂರಿಸಿ ಹೇಳಿದರು. "ನೋಡು ಮೋನೇ, ನನಗೆ ನಿನ್ನ ಮೇಲೆ ಪ್ರೀತಿ ಉಂಟು. ಆದರೆ ಡಾಕ್ಟ್ರು ಹೇಳಿದ್ದು ಸರಿ. ಗಲ್ಫಿನಲ್ಲಿ ಸರ್ಟಿಫಿಕೇಟ್ ಇಲ್ಲದವನನ್ನು ಮೆಶಿನಿನ ಧೂಳು ಒರೆಸಲಿಕ್ಕೆ ಮಾತ್ರ ಇಡುವುದು. ನಾನು ಅಲ್ಲಿ ಒರೆಸಿದ್ದೇ ಅದನ್ನು. ಮುಂದಿನ ಪೆರ್ನಾಲ್ ಹಬ್ಬಕ್ಕೆ ಮುಂಚೆ ನೀನು ಒಂದು ಸರಿಯಾದ ಸರ್ಟಿಫಿಕೇಟ್ ತರಬೇಕು. ಇಲ್ಲದಿದ್ದರೆ ಮಂಗಳೂರಿನಿಂದ ಕಲಿತವನೊಬ್ಬ ಬರ್ತಾನೆ. ನಾನು ಮಾತಾಡಿ ಆಗಿದೆ."

ಕಾಕ ಅಷ್ಟಕ್ಕೇ ನಿಲ್ಲಿಸದೆ, ಫ್ರೇಮು ತೂಗಹಾಕಲಿಕ್ಕೆ ಎಂದು ಗೋಡೆಗೆ ಒಂದು ಮೊಳೆಯನ್ನೂ ಹೊಡೆದರು. ಯಾರ ಸರ್ಟಿಫಿಕೇಟ್ ತೂಗುತ್ತದೆ ಎಂದು ತಿಳಿಯುವವರೆಗೆ ಆ ಮೊಳೆಯಲ್ಲಿ ಎಲ್ಲರ ಬೆವರಿನ ಬನಿಯನ್ ತೂಗಿತು.

ಹಿಂದಿನ ಬ್ಯಾಚು

ಯಾವ ಕೋರ್ಸು ಎಂದು ಕೇಳಿದರೆ ವಾಮದಪದವಿನಲ್ಲಿ ಸಲಹೆಗೆ ಬರಗಾಲವಿಲ್ಲ. ಬಸ್ಸಿನ ಕಂಡಕ್ಟರ್ ಯೋಗ ಅಂದ. ಕ್ಷೌರದಂಗಡಿಯವರು ಮಾಲೀಶು ಅಂದರು. ಬಾವ ಮಾತ್ರ, "ಪಿ.ಟಿ. ಮಾಸ್ಟ್ರ ಕೋರ್ಸು ಮಾಡು. ಇತ್ತ ಜಿಮ್ಮೂ ಆಗ್ತದೆ, ಅತ್ತ ಶಾಲೆಯಲ್ಲಿ ನೌಕರಿಯೂ ಸಿಕ್ತದೆ" ಎಂದ. ಬಾವ ನನ್ನ ಅಕ್ಕನ ಗಂಡ. ಅವನ ಮಾತಿಗೆ ಮನೆಯಲ್ಲಿ ತೂಕ ಹೆಚ್ಚು. ಆ ಕೋರ್ಸಿಗೆ ಆಯ್ಕೆ ಪರೀಕ್ಷೆ ಮೂಡುಬಿದಿರೆಯ ಒಂದು ಮೈದಾನದಲ್ಲಿ ಎಂದು ತಿಳಿಯಿತು. ಹೋದೆ.

ಅಲ್ಲಿ ನನ್ನ ಮೈ ನೋಡಿ ಉಳಿದವರೆಲ್ಲ ಬದಿಗೆ ಸರಿದರು. ಒಬ್ಬ ಕಡ್ಡಿಯಂಥ ಹುಡುಗ ಇನ್ನೊಬ್ಬನಿಗೆ, "ಇಂಥವರು ಬಂದರೆ ನಮಗೆಲ್ಲಿ ಸೀಟು ಮಾರಾಯ?" ಎಂದದ್ದು ಕಿವಿಗೆ ಬಿತ್ತು. ನಾನು ಎದೆಯನ್ನು ಇನ್ನಷ್ಟು ಉಬ್ಬಿಸಿ ನಿಂತೆ. ಗುಂಡು ಎಸೆದೆ. ಅದು ಹೋಗಿ ಬಿದ್ದ ಜಾಗ ನೋಡಿ ಚಪ್ಪಾಳೆಯೂ ಬಂತು. ಆಮೇಲೆ ಓಟ. ಮೈದಾನಕ್ಕೆ ಸುತ್ತು ಹಾಕುವ ದೂರದ ಓಟ.

ನಮ್ಮ ಜಿಮ್ಮಿನಲ್ಲಿ ಯಾರೂ ಓಡುವುದಿಲ್ಲ. ಓಡಲಿಕ್ಕೆ ಜಾಗವೂ ಇರಲಿಲ್ಲ. ಎರಡನೇ ಸುತ್ತಿಗೇ ನನ್ನ ಶ್ವಾಸ ಹಳೇ ಲಾರಿಯ ಹಾಗೆ ಕೇಳತೊಡಗಿತು. ಕಡ್ಡಿಯಂಥ ಹುಡುಗರು ಒಬ್ಬೊಬ್ಬರಾಗಿ ನನ್ನನ್ನು ದಾಟಿದರು, ಮುಗಿಸಿದರು, ಹುಲ್ಲಿನ ಮೇಲೆ ಕೂತರು. ನಾನು ಮಾತ್ರ ದೂರದ ತಿರುವಿನಲ್ಲಿ ಇನ್ನೂ ಕೊನೆಯ ಸುತ್ತು ಎಳೆಯುತ್ತಿದ್ದೆ.

ಅಷ್ಟರಲ್ಲಿ ಸೀಟಿ ಕೇಳಿತು. ಓಟ ನೋಡಿಕೊಳ್ಳುತ್ತಿದ್ದ ಹಿರಿಯ ಮಾಸ್ಟ್ರು ನಾನೊಬ್ಬ ಉಳಿದಿದ್ದೇನೆ ಎಂದು ಗಮನಿಸದೆ ಮುಂದಿನ ಬ್ಯಾಚನ್ನು ಬಿಟ್ಟುಬಿಟ್ಟಿದ್ದರು!

ಹೇಗೋ ಗೆರೆಯ ಹತ್ತಿರ ಬಂದೆ. ಇನ್ನೇನು ಬೀಳಬೇಕು, ಆಗ ಮಾಸ್ಟ್ರು ಕೈ ಬೀಸಿ ಕಿರುಚಿದರು. "ಶಾಬಾಸ್! ಎಲ್ಲರಿಗಿಂತ ಅರ್ಧ ಸುತ್ತು ಮುಂದೆ ಉಂಟು! ನಿಲ್ಲಬೇಡ, ಓಡು!"

ಜನ ಚಪ್ಪಾಳೆ ತಟ್ಟಿದರು. ನನಗೆ ಹೇಳಲಿಕ್ಕೆ ಉಸಿರಿಲ್ಲ. ನಿಲ್ಲಲಿಕ್ಕೆ ಮಾಸ್ಟ್ರು ಬಿಡುವುದಿಲ್ಲ. ಅವರು ನನ್ನ ಪಕ್ಕದಲ್ಲೇ ಓಡಿಕೊಂಡು ಬಂದು ಹುರಿದುಂಬಿಸುತ್ತಿದ್ದಾರೆ. ನಾನು ಕಷ್ಟಪಟ್ಟು ಬಾಯಿ ತೆರೆದೆ.

"ಸಾರ್... ನಾನು... ಹಿಂದಿನ..."

"ಹಿಂದಿನವರನ್ನು ನೋಡಲೇಬೇಡ! ಮುಂದೆ ನೋಡಿ ಓಡು!"

ಇನ್ನೊಂದು ಸುತ್ತು ಓಡಿದೆ. ಓಡಿದೆ ಎನ್ನುವುದಕ್ಕಿಂತ ಮುಗ್ಗರಿಸುತ್ತಾ ಹೋದೆ ಎನ್ನಬೇಕು. ಕಣ್ಣು ಕತ್ತಲೆ ಬಂದು, ಇಲ್ಲೇ ಜೀವ ಹೋಗುತ್ತದೆ ಎಂದುಕೊಂಡು ಮಾಸ್ಟ್ರ ಕಾಲ ಬುಡದಲ್ಲೇ ಬಿದ್ದೆ. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಸಂಗತಿ ಹೊರಗೆ ಬಂತು.

ಅವರು ಒಳ್ಳೆಯವರು. ಬದಿಗೆ ಕೂರಿಸಿ, "ನಿನಗೆ ಬೇಕಾದ್ದು ಈ ಕೋರ್ಸು ಅಲ್ಲ" ಎಂದರು. "ಇದು ಶಾಲೆಯ ಮಕ್ಕಳ ಗುಂಪನ್ನು ನೋಡಿಕೊಳ್ಳುವವರಿಗೆ. ಸೀಟಿ, ಕವಾಯತು, ಕಬಡ್ಡಿ ಅಂಕಣ. ನೀನು ಒಬ್ಬೊಬ್ಬರ ಮೈ ನೋಡಿ ಕಲಿಸುವವ. ಆ ಮೈಗೆ ಎಡವಟ್ಟಾದರೆ ಎಂತ ಮಾಡಬೇಕು ಅಂತ ಕೈ ಹಿಡಿದು ಕಲಿಸುವ ಕೋರ್ಸು ಹುಡುಕು."

ನಾನು ಎದ್ದು ಕೈ ಮುಗಿದೆ. ಅವರು ಬೆನ್ನು ತಟ್ಟಿ ಹೇಳಿದರು. "ಒಂದು ಬ್ಯಾಚಿನಲ್ಲಿ ಓಡಿ ಫೇಲಾದವರನ್ನು ತುಂಬಾ ಕಂಡಿದ್ದೇನೆ. ಎರಡು ಬ್ಯಾಚಿನಲ್ಲಿ ಓಡಿ ಎರಡರಲ್ಲೂ ಫೇಲಾದದ್ದು ನೀನೊಬ್ಬನೇ."

ಎರಡನೇ ಪೇಪರು

ನಾನು ಮೂಡುಬಿದಿರೆಯಿಂದ ಕುಂಟುತ್ತಾ ಬಂದದ್ದು ನೋಡಿ ಅಪ್ಪನಿಗೆ ಬೇಸರವಾಯಿತು. ಬೆಳ್ತಂಗಡಿಯಲ್ಲಿ ಒಬ್ಬರು ಅಂಚೆಯಲ್ಲಿ ಡಿಪ್ಲೊಮಾ ಕೊಡಿಸುತ್ತಾರೆ ಎಂದು ಹೋಟೆಲಿಗೆ ಬಂದವರು ಯಾರೋ ಅಪ್ಪನಿಗೆ ಹೇಳಿದ್ದರು. "ಓಡುವುದೂ ಇಲ್ಲ, ಬೀಳುವುದೂ ಇಲ್ಲ. ಬಾ, ಹೋಗುವ" ಎಂದು ಅಪ್ಪ ಹೋಟೆಲಿಗೆ ಬಾಗಿಲು ಹಾಕಿ ನನ್ನನ್ನು ಕರೆದುಕೊಂಡು ಹೊರಟರು. ಅಪ್ಪ ಹೋಟೆಲಿಗೆ ಬಾಗಿಲು ಹಾಕುವುದೆಂದರೆ ಮನೆಯಲ್ಲಿ ಮದುವೆಯೋ ಸಾವೋ ಇರಬೇಕು. ಹಾಗಾಗಿ ನನಗೆ ಬೇಡ ಎನ್ನಲಿಕ್ಕೆ ಬಾಯಿ ಬರಲಿಲ್ಲ.

ಒಂದು ಗೊಬ್ಬರದಂಗಡಿಯ ಮೇಲಿನ ಕೋಣೆ. ಮೇಜಿನ ಆಚೆ ದಪ್ಪನೆಯ ಮನುಷ್ಯರೊಬ್ಬರು ಕೂತು ಕಾಗದದ ಪೊಟ್ಟಣದಿಂದ ಗೋಳಿಬಜೆ ತಿನ್ನುತ್ತಿದ್ದರು. ಗೋಡೆಯ ತುಂಬ ಮಾದರಿ ಸರ್ಟಿಫಿಕೇಟುಗಳು. ಹೊಲಿಗೆ, ಕಂಪ್ಯೂಟರ್, ಜೇನು ಸಾಕಣೆ, ಈಜು.

"ಈಜು ಸಹ ಅಂಚೆಯಲ್ಲಾ?" ಎಂದು ನಾನು ಕೇಳಿದೆ.

"ಎಲ್ಲವೂ. ಕ್ಲಾಸಿಲ್ಲ, ಹಾಜರಿ ಇಲ್ಲ. ಪುಸ್ತಕ ಮನೆಗೆ ಬರ್ತದೆ. ಓದಿದರೂ ಆಯ್ತು, ಓದದಿದ್ದರೂ ಆಯ್ತು."

ಅಪ್ಪನ ಮುಖ ಅರಳಿತು. ಆ ಮನುಷ್ಯರು ಪೊಟ್ಟಣವನ್ನು ನಮ್ಮ ಕಡೆಗೂ ಸರಿಸಿದರು. ನನಗೆ ಮೂಡುಬಿದಿರೆಯ ಮಾಸ್ಟ್ರ ಮಾತು ಒಳಗೆ ಕುಟುಕುತ್ತಿತ್ತು. ಧೈರ್ಯ ಮಾಡಿ ಕೇಳಿದೆ. "ಸಾರ್, ನನ್ನ ಎದುರೇ ಒಬ್ಬರು ಬಿದ್ದುಬಿಟ್ಟರೆ, ಉಸಿರು ಕಟ್ಟಿದರೆ, ಆಗ ಎಂತ ಮಾಡಬೇಕು ಅಂತ ಇದರಲ್ಲಿ ಉಂಟಾ?"

ಬಾಯಿ ತುಂಬ ಬಜೆ ಇಟ್ಟುಕೊಂಡೇ ಅವರು ಉತ್ತರಿಸಹೊರಟರು. "ಅದಕ್ಕೆಲ್ಲಾ..."

ಅಷ್ಟೇ. ಮುಂದಿನ ಮಾತು ಬರಲಿಲ್ಲ. ಕಣ್ಣು ಹೊರಗೆ ಬಂತು. ಮುಖ ಕೆಂಪಾಯಿತು, ಮತ್ತೆ ನೇರಳೆಯಾಯಿತು. ಎರಡೂ ಕೈ ಗಂಟಲಿಗೆ ಹೋಯಿತು. ಅಪ್ಪ, "ಅಯ್ಯೋ, ನೀರು! ನೀರು!" ಎಂದು ಕಿರುಚಿದರು. ನೀರಿನ ಹೂಜಿ ಖಾಲಿ. ಅಪ್ಪ ಮೆಟ್ಟಿಲಿಗೆ ಓಡಿ ಕೆಳಗಿನವರನ್ನು ಕೂಗಿದರು. ಯಾರಿಗೂ ಕೇಳಿಸಲಿಲ್ಲ. ನಾನು ಮೇಜು ಸುತ್ತಿ ಅವರ ಹತ್ತಿರ ನಿಂತೆ. ಇಷ್ಟು ದೊಡ್ಡ ಕೈ ಉಂಟು, ಅದನ್ನು ಎಲ್ಲಿ ಇಡಬೇಕು ಎಂದು ಗೊತ್ತಿಲ್ಲ. ನೆತ್ತಿಗೆ ತಟ್ಟುವುದಾ? ಬೆನ್ನಿಗಾ? ತಟ್ಟಿದರೆ ಇನ್ನೂ ಒಳಗೆ ಹೋದರೆ? ಮನುಷ್ಯ ಕಣ್ಣೆದುರು ಸಾಯುತ್ತಿದ್ದಾನೆ, ನಾನು ಯೋಚಿಸುತ್ತಾ ನಿಂತಿದ್ದೇನೆ.

ಕಡೆಗೆ ಆದದ್ದಾಗಲಿ ಎಂದು ಕೈ ಎತ್ತಿದೆ. ಅವರು ತಿರುಗಿ ನೋಡಿದರು. ತಲೆಯ ಮೇಲೆ ಎತ್ತಿ ನಿಂತ ನನ್ನ ತೋಳು ಕಂಡಿತು. ಬಜೆಗಿಂತ ಅದಕ್ಕೆ ಹೆಚ್ಚು ಹೆದರಿ ಕುರ್ಚಿಯಿಂದ ಹಾರಿ ಎದ್ದರು. ಹೊಟ್ಟೆ ಮೇಜಿನ ಅಂಚಿಗೆ ಧಡ್ಡನೆ ಬಡಿಯಿತು. ಗೋಳಿಬಜೆ ಗುಂಡಿನ ಹಾಗೆ ಹೊರಗೆ ಹಾರಿ ಈಜಿನ ಸರ್ಟಿಫಿಕೇಟಿಗೆ ಹೋಗಿ ಅಂಟಿತು.

ಅವರು ಕೂತು ಒಂದಷ್ಟು ಹೊತ್ತು ಏದುಸಿರು ಬಿಟ್ಟರು. ಕಣ್ಣೊರೆಸಿಕೊಂಡರು. ಕಾಲರು ಸರಿ ಮಾಡಿಕೊಂಡರು. ಆಮೇಲೆ ಏನೂ ಆಗದವರ ಹಾಗೆ ಹೇಳಿದರು. "ನೀವು ಕೇಳಿದ ವಿಷಯ ಎರಡನೇ ಪೇಪರಿನಲ್ಲಿ ಬರ್ತದೆ."

ಅಪ್ಪ ನನ್ನ ಕೈ ಹಿಡಿದು ಎಳೆದರು. "ಬಾ ಮಗ, ಹೋಗುವ. ಎರಡನೇ ಪೇಪರಿನವರೆಗೆ ಇವರು ಉಳಿಯುವುದೇ ಕಷ್ಟ."

ಪರ್ಸನಲ್

ಅದರ ನಡುವೆ ಒಂದು ಸಂಬಂಧ ಬಂತು. ಹುಡುಗಿ ಲಾಯಿಲದವಳು, ಬೆಳ್ತಂಗಡಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ತಂದೆ ನಿವೃತ್ತ ಹೆಡ್ಮಾಸ್ಟ್ರು ಎಂದು ತಿಳಿದಾಗಲೇ ನನ್ನ ಅರ್ಧ ಧೈರ್ಯ ಹೋಗಿತ್ತು. ಉಳಿದರ್ಧವನ್ನು ಹಿಡಿದುಕೊಂಡು ಅಪ್ಪ, ಬಾವನ ಜೊತೆ ಹೋದೆ.

ಶರಬತ್ತು ಬಂತು. ಮಳೆ, ರಸ್ತೆ, ಕೋಳಿಯ ರೇಟು ಎಲ್ಲ ಮುಗಿಯಿತು. ಹೆಡ್ಮಾಸ್ಟ್ರು ಗಂಟಲು ಸರಿ ಮಾಡಿಕೊಂಡು ಕೇಳಿದರು. "ಹುಡುಗ ಮಾಡುವುದು ಎಂತ?"

ಬಾವ ಇಂಗ್ಲಿಷಿನಲ್ಲಿ ಹೇಳಿದರೆ ಚಂದ ಎಂದು, "ಪರ್ಸನಲ್ ಟ್ರೈನರ್" ಎಂದುಬಿಟ್ಟ.

ಹುಡುಗಿಯ ಸೋದರಮಾವ ಮೂಲೆಯಲ್ಲಿ ಕೂತಿದ್ದರು. ತುಂಬಾ ಮರ್ಯಾದಸ್ಥರು. ಅವರು ಕೈ ಅಡ್ಡ ಮಾಡಿ ಹೇಳಿದರು. "ಪರ್ಸನಲ್ ಆದರೆ ಬೇಡ ಮಾರಾಯ್ರೆ, ಹೇಳುವುದು ಬೇಡ. ನಾವು ಒತ್ತಾಯ ಮಾಡುವುದಿಲ್ಲ."

"ಅಲ್ಲ, ಮಗಳನ್ನು ಕೊಡುವಾಗ ಸ್ವಲ್ಪವಾದರೂ ತಿಳಿಯಬೇಕಲ್ಲ?" ಎಂದರು ಹೆಡ್ಮಾಸ್ಟ್ರು.

ನಾನು ಬಿಡಿಸಿ ಹೇಳಿದೆ. ಕೆಲಸ ಅರ್ಥವಾಯಿತು. ಹಿಂದೆಯೇ ನಾನು ಹೆದರಿದ್ದ ಪ್ರಶ್ನೆ ಬಂತು. "ಅದಕ್ಕೆ ಓದಿದ್ದು ಎಂತ?"

ಅಪ್ಪ ನೆಲ ನೋಡಿದರು. ಬಾವ ಶರಬತ್ತಿನ ಲೋಟದೊಳಗೆ ಇಣುಕಿದ. ನಾನು, "ಎಂತ ಓದಬೇಕು ಅಂತ ಹುಡುಕ್ತಾ ಇದ್ದೇನೆ" ಎಂದೆ. ಹೆಡ್ಮಾಸ್ಟ್ರ ಮುಖದಲ್ಲಿ, ಮನೆಪಾಠ ಮಾಡದೆ ಬಂದವನನ್ನು ನೋಡುವ ಹಳೇ ನೋಟ. ಸಂಬಂಧ ಕೈತಪ್ಪಿತು ಎಂದೇ ಎಣಿಸಿದೆ. ಆದರೂ ಬಂದವರಿಗೆ ಬೇಸರ ಬೇಡ ಎಂದೋ ಏನೋ, ಹುಡುಗಿಯ ಜೊತೆ ಜಗಲಿಯಲ್ಲಿ ಎರಡು ಮಾತಾಡಲಿಕ್ಕೆ ಬಿಟ್ಟರು.

ಅವಳು ನೇರವಾಗಿ ಕೇಳಿದಳು. "ನಿಮಗೆ ಬೇಕಾದ್ದು ಗೋಡೆಗೆ ಹಾಕ್ಲಿಕ್ಕೆ ಕಾಗದವಾ, ಇಲ್ಲ ಕೆಲಸ ಗೊತ್ತಾಗಬೇಕಾ?"

ನನಗೆ ಬೆಳ್ತಂಗಡಿಯ ಆ ನೇರಳೆ ಮುಖ ನೆನಪಾಯಿತು. "ಎರಡೂ ಬೇಕು. ಆದರೆ ಕೆಲಸ ಗೊತ್ತಾಗದಿದ್ದರೆ ನನಗೆ ನಿದ್ದೆ ಬರ್ಲಿಕ್ಕಿಲ್ಲ" ಎಂದೆ.

"ಹಾಗಾದರೆ ಕೇಳಿ. ನಮ್ಮ ಆಸ್ಪತ್ರೆಗೆ ಬರುವ ಫಿಸಿಯೋಥೆರಪಿ ಮೇಡಂ ಮೂಡುಬಿದಿರೆಯಲ್ಲಿ ಭಾನುವಾರ ಭಾನುವಾರ ಟ್ರೈನರುಗಳಿಗೆ ಕ್ಲಾಸ್ ಮಾಡ್ತಾರೆ. ಎಲುಬು, ಸ್ನಾಯು, ಪ್ರಥಮ ಚಿಕಿತ್ಸೆ ಎಲ್ಲ ಉಂಟು. ಕಡೆಗೆ ಹೊರಗಿನಿಂದ ಪರೀಕ್ಷಕರು ಬಂದು ಎದುರೇ ಮಾಡಿಸಿ ನೋಡ್ತಾರೆ. ತುಂಬಾ ಜನ ಫೇಲಾಗ್ತಾರೆ."

"ಫೇಲಾಗ್ತಾರಾ?" ಎಂದೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಫೇಲು ಮಾಡುವವರ ಹತ್ತಿರ ಕಲಿಸಲಿಕ್ಕೂ ಏನಾದರೂ ಇರಬೇಕು.

ಹೊರಡುವಾಗ ಹೆಡ್ಮಾಸ್ಟ್ರು, "ಪಾಸಾದ ಮೇಲೆ ಮಾತಾಡುವ" ಎಂದರು. ಬಸ್ಸಿನಲ್ಲಿ ಬಾವ ತಡೆಯಲಾರದೆ ಕೇಳಿದ. "ಎಂತಾಯ್ತು? ಹುಡುಗಿ ಒಪ್ಪಿದಳಾ?"

"ಸದ್ಯಕ್ಕೆ ಕೋರ್ಸಿಗೆ ಒಪ್ಪಿದ್ದಾಳೆ" ಎಂದೆ.

ಕೋಳಿಯ ಪಾಠ

ಭಾನುವಾರಗಳು ಮೂಡುಬಿದಿರೆಗೆ ಮೀಸಲಾದವು. ಮೇಡಂ ಒಳ್ಳೆಯ ಕಲಿಸುವವರು, ಆದರೆ ಖಡಕ್ಕು. ಉಸಿರು ಕೊಡುವ ಅಭ್ಯಾಸಕ್ಕಿದ್ದ ರಬ್ಬರಿನ ಗೊಂಬೆಯನ್ನು ನಾನು ಮೊದಲ ದಿನವೇ ಒತ್ತಿದ ರಭಸಕ್ಕೆ ಅದರ ಎದೆ ಒಳಗೆ ಹೋದದ್ದು ಮತ್ತೆ ಮೇಲೆ ಬರಲೇ ಇಲ್ಲ. "ಉಳಿಸಿ ಅಂದರೆ ಕೊಂದಿರಲ್ಲ" ಎಂದರು ಮೇಡಂ.

ಕಷ್ಟವಾದದ್ದು ಸ್ನಾಯುಗಳ ಹೆಸರು. ಎಲ್ಲ ಇಂಗ್ಲಿಷು, ಒಂದೊಂದೂ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಉದ್ದ. ಹಬ್ಬ ಹತ್ತಿರ ಬರುತ್ತಿತ್ತು. ಅಪ್ಪನ ಹೋಟೆಲಿನಲ್ಲಿ ಮಧ್ಯಾಹ್ನದ ಗಡಿಬಿಡಿಗೆ ಸಹಾಯ ಮಾಡುತ್ತಲೇ ಬಾಯಿಪಾಠ ಹಾಕುತ್ತಿದ್ದೆ. ಕೋಳಿಯ ತುಂಡು ಕಂಡರೆ ಸಾಕು, ಇದು ಯಾವ ಸ್ನಾಯು ಎಂದು ಕಣ್ಣು ಹುಡುಕುತ್ತಿತ್ತು.

ಒಂದು ದಿನ ಲಾರಿಯವರೊಬ್ಬರು ಕೋರಿ ಸುಕ್ಕ, ಎಂದರೆ ಕೋಳಿಯ ಒಣ ಮಸಾಲೆ, ಹೇಳಿದರು. ತಟ್ಟೆ ಇಟ್ಟೆ. ಅವರು ತುಂಡನ್ನು ಬೆರಳಲ್ಲಿ ತಿರುಗಿಸಿ, "ಇದು ಎಂತದು?" ಎಂದರು. ಕಾಲಿನದ್ದಾ ಎದೆಯದ್ದಾ ಎಂದು ಅವರ ಪ್ರಶ್ನೆ.

ನನ್ನ ಬಾಯಿಂದ ತೊಡೆಯ ಸ್ನಾಯುವಿನ ಹೆಸರು ತಡೆಯಿಲ್ಲದೆ ಬಂತು. "ಕ್ವಾಡ್ರಿಸೆಪ್ಸ್ ಫೆಮೋರಿಸ್."

ಅವರು ಕೈ ಹಿಂದೆಗೆದು, ತಟ್ಟೆಯನ್ನು ಮೆಲ್ಲನೆ ದೂರ ಸರಿಸಿ, ಅಪ್ಪನ ಕಡೆ ತಿರುಗಿದರು. "ಧಣಿಗಳೇ, ನಾನು ಹೇಳಿದ್ದು ಕೋಳಿ. ಈ ಬೇರೆ ಪ್ರಾಣಿ ನನಗೆ ಆಗುವುದಿಲ್ಲ."

ಪರೀಕ್ಷೆಯ ದಿನ

ಪರೀಕ್ಷೆ ಭಾನುವಾರವಲ್ಲ, ವಾರದ ನಡುವೆ ಇಟ್ಟರು. ಪರೀಕ್ಷಕರು ಬೆಂಗಳೂರಿನಿಂದ ಬಂದಿದ್ದರು. ನಗುವುದೇ ಗೊತ್ತಿಲ್ಲದ ಮುಖ. ಪ್ರತಿಯೊಬ್ಬ ವಿದ್ಯಾರ್ಥಿಗೂ ಊರಿನವರೊಬ್ಬರನ್ನು ಮೇಡಂ ಒಪ್ಪಿಸಿ ಕರೆಸಿದ್ದರು. ಅವರನ್ನು ವಿಚಾರಿಸಿ, ನಾಡಿ ನೋಡಿ, ಅವರಿಗೆ ತಕ್ಕ ಕಸರತ್ತು ಆರಿಸಿ ಮಾಡಿಸಬೇಕು. ಮೇಡಂ ಪಕ್ಕದ ಕೋಣೆಯಲ್ಲಿ, ನಮ್ಮ ಕಡೆ ಬರುವ ಹಾಗಿಲ್ಲ.

ನನಗಿಂತ ಮುಂಚೆ ಹೋದವನು ಮಂಡಿಯ ಆಪರೇಶನ್ ಆದವರನ್ನು ಕೇಳದೆಯೇ ಬಸ್ಕಿ ಹೊಡೆಸಲಿಕ್ಕೆ ಹೋಗಿ ಫೇಲಾಗಿ ಹೊರಗೆ ಬಂದ. ಈಗ ನನ್ನ ಸರದಿ. ಒಂದು ಕಡೆ ಕಾಕ, ಇನ್ನೊಂದು ಕಡೆ ಲಾಯಿಲ.

"ಹೊರಗಡೆ ಬೆಂಚಲ್ಲಿ ನಿಮ್ಮ ಕ್ಲೈಂಟ್ ಕೂತಿದ್ದಾರೆ, ಕರ್ಕೊಂಡ್ ಬನ್ನಿ" ಎಂದರು ಪರೀಕ್ಷಕರು.

ವರಾಂಡದ ಬೆಂಚಿನಲ್ಲಿ ಇಬ್ಬರಿದ್ದರು. ಒಬ್ಬರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಇನ್ನೊಬ್ಬರು ನಡುವಯಸ್ಸಿನವರು, ಹೆಗಲ ಮೇಲಿನ ಬೈರಾಸಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಾ ಎಚ್ಚರವಾಗಿದ್ದರು. ನಾನು ಅವರನ್ನು, "ಬನ್ನಿ ಅಣ್ಣ" ಎಂದು ಕರೆದೆ.

"ನನ್ನದಾ? ಇಷ್ಟು ಬೇಗವಾ?" ಎಂದು ಅವರು ದೇವರನ್ನು ನೆನೆದು ಎದ್ದರು.

ಒಳಗೆ ಕುರ್ಚಿಯಲ್ಲಿ ಕೂರಿಸಿದೆ. ಊರು ಕನ್ಯಾನ ಎಂದರು. ಬೈರಾಸನ್ನು ಹಿಂಡುತ್ತಾ ಕೂತರು.

"ಹೆದರಬೇಡಿ. ನಿಧಾನಕ್ಕೆ ಮಾಡುವ."

"ನೋವಾಗ್ತದಾ?"

"ಮೊದಲ ಸಲ ಅಲ್ವಾ? ನಾಳೆ ಸ್ವಲ್ಪ ಇರಬಹುದು." ಪರೀಕ್ಷಕರು ತಲೆಯಾಡಿಸಿದರು. ನನಗೆ ಧೈರ್ಯ ಬಂತು. "ಬೆಳಿಗ್ಗೆ ಎಂತ ತಿಂದಿದ್ದೀರಿ?"

"ಬರೀ ಗಂಜಿ ತಿಳಿ."

"ನಿದ್ದೆ?"

"ಎಲ್ಲಿಯ ನಿದ್ದೆ ಮಾರಾಯ್ರೆ? ರಾತ್ರಿಯಿಡೀ ಕೂತೇ ಇದ್ದೆ."

ನಾಡಿ ಹಿಡಿದೆ. ಓಡುತ್ತಿತ್ತು. ಸುಮ್ಮನೆ ಕೂತ ಮನುಷ್ಯನ ನಾಡಿ ಮೂಡುಬಿದಿರೆಯ ಮೈದಾನ ಸುತ್ತಿ ಬಂದವನ ಹಾಗೆ ಹೊಡೆದುಕೊಳ್ಳುತ್ತಿತ್ತು. ಹಣೆ ತುಂಬ ಬೆವರು. ನಾನು ಕೇಳಿದೆ. "ಎಲ್ಲಾದರೂ ನೋವು ಉಂಟಾ?"

ಅವರು ಎಡಗಡೆಯ ದವಡೆಗೆ ಬೆರಳಿಟ್ಟರು. "ಇಲ್ಲಿ ಶುರುವಾಗ್ತದೆ. ಕಿವಿಗೆ ಹೋಗ್ತದೆ. ಮತ್ತೆ ಕುತ್ತಿಗೆಯಲ್ಲಿ ಇಳೀತದೆ."

ಹೃದಯದ ನೋವು ಎದೆಯಲ್ಲೇ ಬರಬೇಕೆಂದಿಲ್ಲ, ಎಡಗೈಯಲ್ಲಿ ಬರಬಹುದು, ದವಡೆಯಲ್ಲಿ ಬರಬಹುದು, ಜೊತೆಗೆ ಬೆವರಿದರೆ ಒಂದು ನಿಮಿಷವೂ ಕಾಯಬಾರದು ಎಂದು ಮೇಡಂ ಹೇಳಿದ್ದರು. ಇಲ್ಲಿ ಎಲ್ಲವೂ ಒಟ್ಟಿಗೆ ಕೂತಿದೆ. ಆದರೆ ಕಸರತ್ತು ಮಾಡಿಸದಿದ್ದರೆ ಪರೀಕ್ಷೆ ಹೋಯಿತು. ಮಾಡಿಸಿದರೆ ಇವರು ಹೋಗುತ್ತಾರೆ. ಬೆಳ್ತಂಗಡಿಯಲ್ಲಿ ಕೈ ಎತ್ತಿಕೊಂಡು ನಿಂತದ್ದು ಸಾಕು ಎನಿಸಿತು.

"ಸಾರ್, ನಾನು ಇವರಿಂದ ಏನೂ ಮಾಡಿಸುವುದಿಲ್ಲ" ಎಂದೆ.

ಪರೀಕ್ಷಕರು ಹುಬ್ಬೇರಿಸಿದರು. "ಮಾಡಿಸದೇ ಇದ್ರೆ ಮಾರ್ಕ್ಸ್ ಯಾವುದಕ್ಕೆ ಕೊಡ್ಲಿ?"

"ಮಾರ್ಕು ಬೇಡ ಸಾರ್. ಆಂಬುಲೆನ್ಸ್ ಬೇಕು!"

ಅವರು ಎದ್ದು ಬಂದು ನಾಡಿ ಮುಟ್ಟಿದರು. ಅವರೂ ಗಾಬರಿಯಾಗಿ ಹೊರಗೆ ಕಾಯುತ್ತಿದ್ದ ವಿದ್ಯಾರ್ಥಿಗಳನ್ನು ಕೂಗಿದರು. ಒಬ್ಬ ಎಸ್‌ಟಿಡಿ ಬೂತಿಗೆ ಓಡಿದ. ನಾನು ರೋಗಿಯ ಅಂಗಿಯ ಗುಂಡಿ ಬಿಚ್ಚಿ, ಕುರ್ಚಿಯಲ್ಲೇ ಹಿಂದಕ್ಕೆ ಒರಗಿಸಿ ಕೂರಿಸಿದೆ. ಒಬ್ಬ ಗಾಳಿ ಹಾಕಿದ. ಇನ್ನಿಬ್ಬರು ಎತ್ತಿಕೊಂಡು ಹೋಗಲು ವರಾಂಡದ ಬೆಂಚು ತಂದರು. ಕನ್ಯಾನದವರು ಕಣ್ಣರಳಿಸಿ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಬೆವರು ಇನ್ನೂ ಜೋರಾಯಿತು. "ಮಾತಾಡಬೇಡಿ ಅಣ್ಣ, ಉಸಿರು ಬಿಡಿ" ಎಂದು ನಾನು ಹೇಳುತ್ತಲೇ ಇದ್ದೆ. ಗದ್ದಲ ಕೇಳಿ ಮೇಡಂ ಓಡಿ ಬಂದರು.

ನಾಲ್ಕು ಜನ ಕೈಕಾಲಿಗೆ ಕೈ ಹಾಕಿದಾಗ ಅವರಿಗೆ ತಡೆಯಲಾಗಲಿಲ್ಲ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಅಳುವ ಸ್ವರದಲ್ಲಿ ಕೇಳಿದರು. "ಒಂದು ಹಲ್ಲು ಕೀಳ್ಲಿಕ್ಕೆ ಇಷ್ಟು ಜನ ಬೇಕಾ ಮಾರಾಯ್ರೆ?"

ನಾಲ್ವರೂ ಕೈ ಬಿಟ್ಟರು. ಹೊರಗೆ, ಭಾನುವಾರಗಳಲ್ಲಿ ನಾವು ಯಾವಾಗಲೂ ಮುಚ್ಚಿಯೇ ನೋಡಿದ್ದ ಎದುರಿನ ಶಟರಿನ ಕಡೆಯಿಂದ ಬಿಳಿಕೋಟಿನ ದಂತವೈದ್ಯರೊಬ್ಬರು ಇಣುಕಿ, "ನನ್ನ ಪೇಶೆಂಟ್ ಒಬ್ಬರು ಇಲ್ಲಿ ಕೂತಿದ್ದರು, ಕಂಡಿರಾ?" ಎಂದರು. ಅವರ ಹಿಂದೆ, ಬೆಂಚು ಎಳೆದುಕೊಂಡ ರಭಸಕ್ಕೆ ನೆಲಕ್ಕೆ ಬಿದ್ದು ಎಚ್ಚರಾದ ನನ್ನ ನಿಜವಾದ ಕ್ಲೈಂಟು ಕಣ್ಣುಜ್ಜಿಕೊಳ್ಳುತ್ತಾ ನಿಂತಿದ್ದರು.

ಮೊದಲು ನಕ್ಕದ್ದು ನಗಲಿಕ್ಕೆ ಗೊತ್ತಿಲ್ಲದ ಆ ಪರೀಕ್ಷಕರೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಾನು ಬಿದ್ದು ಎದ್ದ ಆ ಕ್ಲೈಂಟಿನ ಜೊತೆ ಉಳಿದ ಪರೀಕ್ಷೆ ಮುಗಿಸಿದೆ. "ಹಲ್ಲು ಯಾವುದು, ಹಾರ್ಟ್ ಯಾವುದು ಅಂತ ಗೊತ್ತು ಮಾಡೋದು ಡಾಕ್ಟ್ರ ಕೆಲಸ. ಯಾವಾಗ ನಿಲ್ಲಿಸ್ಬೇಕು ಅಂತ ಗೊತ್ತಿರೋದು ನಿಮ್ಮ ಕೆಲಸ. ಪಾಸು" ಎಂದರು ಪರೀಕ್ಷಕರು. ಹಬ್ಬಕ್ಕೆ ಮುಂಚೆ ಕಾಕನ ಕೈಗೆ ಸರ್ಟಿಫಿಕೇಟ್ ಕೊಟ್ಟೆ. ಲಾಯಿಲದ ಹೆಡ್ಮಾಸ್ಟ್ರು ಅದನ್ನು ಎರಡು ಸಲ ಓದಿ ಮಗಳನ್ನು ಕೊಟ್ಟರು.

ಆದರೆ ಪರೀಕ್ಷೆಯ ದಿನ ಮಧ್ಯಾಹ್ನ ನಾನು ಮೆಟ್ಟಿಲಿಳಿದು ಹೊರಗೆ ಬಂದಾಗ ಕನ್ಯಾನದವರು ಕೆಳಗೆ ಕಾಯುತ್ತಾ ನಿಂತಿದ್ದರು. ಗಾಬರಿಯಲ್ಲಿ ನೋವು ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲವಂತೆ. ದಂತವೈದ್ಯರು ಕರೆದರೂ ಒಳಗೆ ಹೋಗದೆ ತಪ್ಪಿಸಿಕೊಂಡು ಬಂದಿದ್ದರು. ನಾವು ಕರೆಸಿದ್ದ ಆಂಬುಲೆನ್ಸು ಖಾಲಿ ತಿರುಗಿ ಹೋಗುತ್ತಿತ್ತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹತ್ತಿರ ಬಂದು ಮೆಲ್ಲನೆ ಕೇಳಿದರು.

"ಡಾಕ್ಟ್ರೇ, ಮನೆಯಲ್ಲಿ ಹೆಂಡತಿಗೂ ಒಂದು ಹಲ್ಲು ನೋಯ್ತಾ ಉಂಟು. ನಾಳೆ ಕರ್ಕೊಂಡು ಬರ್ತೇನೆ. ಅವಳು ನನ್ನಷ್ಟು ಸುಲಭದಲ್ಲಿ ಹೆದರುವವಳಲ್ಲ, ಎರಡು ಆಂಬುಲೆನ್ಸ್ ತರಿಸ್ಲಿಕ್ಕೆ ಆಗ್ತದಾ?"